ಆಕಾಶದಲ್ಲೊಂದು ಡಾರ್ಕ್‌ರೂಮ್

ಪ್ರಶ್ನೆ: 1959ರಲ್ಲೇ ರಷ್ಯದವರು ಚಂದ್ರನ ಹಿಂಬದಿಯ ಫೋಟೊ ತೆಗೆದರೆಂದು ಓದಿದೆ. ಡಿಜಿಟಲ್ ಕ್ಯಾಮೆರಾ ಇಲ್ಲದ ಕಾಲದಲ್ಲಿ ಅದು ಭೂಮಿಗೆ ಬಂದದ್ದು ಹೇಗೆ? ಆ ಬದಿಯಲ್ಲಿ ಸದಾ ಕತ್ತಲೆಯಲ್ಲವೆ?
– ಓದುಗರೊಬ್ಬರು, ಸಾಗರ

ಉತ್ತರ: ಕತ್ತಲೆಯ ಮಾತನ್ನು ಮೊದಲು ಮುಗಿಸೋಣ. ರಷ್ಯದ ಆ ನೌಕೆ ಲೂನಾ-3 ಚಿತ್ರ ತೆಗೆದದ್ದು ಅಕ್ಟೋಬರ್ 7ರಂದು, ಮಹಾಲಯ ಅಮಾವಾಸ್ಯೆ ಕಳೆದು ಐದನೆಯ ದಿನ. ನಮಗೆ ಕಾಣುವ ಮುಖ ಬಹುಪಾಲು ಕತ್ತಲಲ್ಲಿದ್ದಾಗ ಹಿಂಬದಿಗೆ ಒಳ್ಳೆಯ ಬಿಸಿಲು. ಆ ಹೊತ್ತನ್ನು ಲೆಕ್ಕ ಹಾಕಿಯೇ ನೌಕೆಯನ್ನು ಹಾರಿಸಿದ್ದರು.

ಇನ್ನು ಫಿಲ್ಮ್. ಅದು ಕೆಳಗಿಳಿಯಲೇ ಇಲ್ಲ. ಅದನ್ನು ರಾಸಾಯನಿಕಗಳಲ್ಲಿ ತೊಳೆದು ಚಿತ್ರ ಮೂಡಿಸುವ ವ್ಯವಸ್ಥೆಯೇ ಮೇಲೆ ಹೋಗಿತ್ತು. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಾಗ ಫಿಲ್ಮ್ ತೊಳೆಯುವ ಕತ್ತಲೆಕೋಣೆ, ಅಂದರೆ ಅಲ್ಲಿನ ಡಾರ್ಕ್‌ರೂಮ್ ನನ್ನ ಸುಪರ್ದಿಯಲ್ಲಿತ್ತು. ಬೇಸಿಗೆಯಲ್ಲಿ ಚಿತ್ರ ಮೂಡಿಸುವ ಡೆವಲಪರ್ ದ್ರಾವಣ ಬೆಚ್ಚಗಾದರೆ ಫಿಲ್ಮ್ ಕಪ್ಪಿಡುತ್ತಿತ್ತು, ಒಣಹಾಕಿದರೆ ಧೂಳು ಕೂರುತ್ತಿತ್ತು. ಆದ್ದರಿಂದ ಲೂನಾ-3ರ ಕಥೆಯಲ್ಲಿ ರಾಕೆಟ್ಟಿಗಿಂತ ಈ ಭಾಗವೇ ನನ್ನನ್ನು ಬೆರಗುಗೊಳಿಸುತ್ತದೆ. ಸುಮಾರು 65,000 ಕಿಲೋಮೀಟರ್ ದೂರದಿಂದ, ನಲವತ್ತು ನಿಮಿಷಗಳಲ್ಲಿ, 35 ಮಿಲಿಮೀಟರ್ ಫಿಲ್ಮಿನ ಮೇಲೆ 29 ಚಿತ್ರಗಳು. ಬಳಿಕ ಮನುಷ್ಯರ ಕೈ ಸೋಕದೆ ಆ ಫಿಲ್ಮ್ ನೌಕೆಯೊಳಗೇ ಡೆವಲಪ್ ಆಯಿತು, ಮೂಡಿದ ಚಿತ್ರ ಅಳಿಯದಂತೆ ಫಿಕ್ಸ್ ಆಯಿತು, ಒಣಗಿತು!

ಆಮೇಲೆ ಬೆಳಕಿನ ಒಂದು ಚುಕ್ಕಿ ನೆಗೆಟಿವ್ ಮೇಲೆ ಗೆರೆಗೆರೆಯಾಗಿ ಹರಿಯಿತು. ಅದನ್ನು ದಾಟಿ ಬಂದ ಬೆಳಕಿನ ಏರಿಳಿತವನ್ನು ರೇಡಿಯೊ ಸಂಕೇತವಾಗಿಸಿ ಕಳುಹಿಸಿದರು. ದೂರದಿಂದ ಬಂದ ಸಂಕೇತ ತೀರ ದುರ್ಬಲವಾಗಿತ್ತು. ನೌಕೆ ಭೂಮಿಯ ಸಮೀಪಕ್ಕೆ ಮರಳಿದ ಮೇಲಷ್ಟೇ ನೋಡುವಂಥ ಚಿತ್ರಗಳು ದೊರೆತವು. ಅವೂ ಮಸುಕೇ. ಆದರೂ ಹಿಂಬದಿಯ ಸುಮಾರು ಶೇಕಡ 70 ಭಾಗ ಕಂಡಿತು. ನಮ್ಮ ಕಡೆ ಹೇರಳವಾಗಿರುವ ಕಪ್ಪು ಬಯಲುಗಳು ಅಲ್ಲಿ ಬಲು ಕಡಿಮೆ ಎಂಬುದೂ ಗೊತ್ತಾಯಿತು. ಮಸುಕಿನಲ್ಲಿ ಕಂಡ ಬಿಳಿ ಪಟ್ಟೆಯೊಂದಕ್ಕೆ ಉತ್ಸಾಹದಿಂದ ‘ಸೋವಿಯತ್ ಪರ್ವತಗಳು’ ಎಂದು ನಾಮಕರಣವೂ ಆಯಿತು. ಅಲ್ಲಿ ಪರ್ವತವೇ ಇರಲಿಲ್ಲ ಎಂದು ಮುಂದಿನ ಚಿತ್ರಗಳು ತೋರಿಸಿದವು. ಹೆಸರು ನಕ್ಷೆಯಿಂದ ಅಳಿಯಿತು.

ಪ್ರಶ್ನೆ: ಆಗ ಅಮೆರಿಕ ಕೈಕಟ್ಟಿ ಕುಳಿತಿತ್ತೆ?
– ವಿದ್ಯಾರ್ಥಿ, ಹಾಸನ

ಉತ್ತರ: ಕುಳಿತಿರಲಿಲ್ಲ, ಮುಗ್ಗರಿಸುತ್ತಿತ್ತು. ಎಲ್ಲರ ಕಣ್ಣೆದುರೇ ಮುಗ್ಗರಿಸಿದ್ದರಿಂದ ನಗೆಪಾಟಲಿಗೀಡಾಯಿತು. 1958ರಲ್ಲಿ ಚಂದ್ರನತ್ತ ಹೊರಟ ರಷ್ಯದ ಮೂರು ರಾಕೆಟ್ಟುಗಳೂ ನೆಲ ಕಚ್ಚಿದ್ದವು. ಅದನ್ನು ಅವರು ಹೊರಗೆ ಬಿಡಲಿಲ್ಲ, ಅಷ್ಟೆ. ಚಂದ್ರನ ಶೋಧಕ್ಕೆಂದು ಅಮೆರಿಕ ರೂಪಿಸಿದ ರೇಂಜರ್ ಸರಣಿಯ ಮೊದಲ ಆರೂ ನೌಕೆಗಳು ಕೈಕೊಟ್ಟವು. ಆರನೆಯದಂತೂ ಚಂದ್ರನ ಮೇಲೆ ನಿಗದಿಯಾದ ಜಾಗಕ್ಕೇ ಹೋಗಿ ಬಿತ್ತು, ಆದರೆ ಕ್ಯಾಮೆರಾಗಳಿಂದ ಒಂದೂ ಚಿತ್ರ ಬರಲಿಲ್ಲ. ಏಳನೆಯದು 1964ರ ಜುಲೈ 31ರಂದು ಚಂದ್ರನಿಗೆ ಅಪ್ಪಳಿಸುವ ಮುನ್ನ 4,308 ಚಿತ್ರಗಳನ್ನು ಕಳುಹಿಸಿತು. ಅದರಲ್ಲಿದ್ದದ್ದು ಟೆಲಿವಿಷನ್ ಕ್ಯಾಮೆರಾ. ತೊಳೆಯುವ ರಗಳೆಯೇ ಇರಲಿಲ್ಲ.