ತಡವಾದ ಬೆಳಕಿನ ಕಡೆಗೇ ಪಟ್ಟಿ ಸರಿಯುವುದೇಕೆ?

ಪ್ರಶ್ನೆ: ಯಂಗ್ ಅವರ ಎರಡು ಸೀಳಿನ ಪ್ರಯೋಗದಲ್ಲಿ ಮೇಲಿನ ಸೀಳಿಗೆ ತೆಳು ಗಾಜು ಅಡ್ಡ ಇಟ್ಟರೆ ಪರದೆಯ ಮೇಲೆ ಮೂಡುವ ಬೆಳಕು-ಕತ್ತಲೆಯ ಪಟ್ಟಿಗಳೆಲ್ಲ ಮೇಲಕ್ಕೆ ಸರಿಯುತ್ತವೆ ಎಂದು ಪುಸ್ತಕದಲ್ಲಿದೆ. ಗಾಜಿನೊಳಗೆ ಬೆಳಕು ನಿಧಾನವಾಗುತ್ತದಲ್ಲ ಸರ್, ಹಾಗಾದರೆ ಪಟ್ಟಿ ಕೆಳಕ್ಕೆ ಹೋಗಬೇಕಲ್ಲವೇ?
— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಬೆಳಕು ತಡವಾಗುತ್ತದೆ ಎಂಬಲ್ಲಿಯವರೆಗೆ ನಿಮ್ಮ ತರ್ಕ ಸರಿ. ನಡುವಿನ ಪಟ್ಟಿ ಎಂದರೆ ಎರಡೂ ಸೀಳುಗಳಿಂದ ಒಟ್ಟಿಗೆ ಹೊರಟ ಅಲೆಗಳು ಒಟ್ಟಿಗೇ ಬಂದು ಸೇರುವ ಜಾಗ. ಇಬ್ಬರು ಹೊರಟಿದ್ದಾರೆ, ಒಬ್ಬನ ದಾರಿಯಲ್ಲಿ ನಾಲ್ಕು ಮಾರು ಕೆಸರಿದೆ ಎನ್ನಿ. ಜೊತೆಯಾಗಿ ಮುಟ್ಟಬೇಕಾದರೆ ಕೆಸರು ತುಳಿದವನಿಗೆ ದಾರಿ ಹತ್ತಿರವಾಗಬೇಕು. ಅಂದರೆ ಸೇರುವ ಜಾಗ ಅವನ ಕಡೆಗೇ ಸರಿಯಬೇಕು. ಉಳಿದ ಪಟ್ಟಿಗಳೂ ಅದರ ಹಿಂದೆಯೇ ಹೋಗುತ್ತವೆ. ಅವುಗಳ ನಡುವಿನ ಅಂತರ ಬದಲಾಗದು.

ಎಷ್ಟು ಸರಿಯುತ್ತದೆ? ಗಾಜು ಬಂದಾಗ ಅಷ್ಟೇ ದಪ್ಪದ ಗಾಳಿ ಜಾಗ ಬಿಡುತ್ತದೆ. ಅದಕ್ಕೇ ವಕ್ರೀಭವನ ಸೂಚ್ಯಂಕದಲ್ಲಿ (ಬೆಳಕು ಎಷ್ಟು ಪಟ್ಟು ನಿಧಾನವಾಗುತ್ತದೆ ಎಂಬ ಸಂಖ್ಯೆ) 1 ಕಳೆದು ದಪ್ಪದಿಂದ ಗುಣಿಸುವುದು. ಪರೀಕ್ಷೆಯಲ್ಲಿ ಬಹಳ ಮಂದಿ ಈ ಒಂದನ್ನು ಕಳೆಯಲು ಮರೆಯುತ್ತಾರೆ. 5 ಮೈಕ್ರೋಮೀಟರ್ ದಪ್ಪದ ಕಾಗೆಬಂಗಾರದ (ಮೈಕಾ) ಹಾಳೆ ತೆಗೆದುಕೊಳ್ಳಿ. ಸೂಚ್ಯಂಕ ಸುಮಾರು 1.58. ಹೆಚ್ಚುವರಿ ಪಥ 2.9 ಮೈಕ್ರೋಮೀಟರ್. ಸೀಳುಗಳ ನಡುವೆ 0.5 ಮಿ.ಮೀ., ಪರದೆ 1 ಮೀಟರ್ ದೂರದಲ್ಲಿದ್ದರೆ ಇದನ್ನು 2000ದಿಂದ (ಪರದೆಯ ದೂರ ಭಾಗಿಸು ಸೀಳುಗಳ ಅಂತರ) ಗುಣಿಸಿ: 5.8 ಮಿ.ಮೀ. ಸರಿತ.

ಇನ್ನು ತಮಾಷೆ ನೋಡಿ. ಸೋಡಿಯಂ ದೀಪದ 589 ನ್ಯಾನೋಮೀಟರ್ ತರಂಗಾಂತರದ ಬೆಳಕಿಗೆ, ಅದನ್ನೂ 2000ದಿಂದ ಗುಣಿಸಿದರೆ, ಪಟ್ಟಿಯಿಂದ ಪಟ್ಟಿಗೆ 1.18 ಮಿ.ಮೀ. ಅಂದರೆ ಸರಿದದ್ದು 4.92 ಪಟ್ಟಿ, ಹೆಚ್ಚುಕಡಿಮೆ ಐದು. ಹಳದಿ ಪಟ್ಟಿಗಳೆಲ್ಲ ಒಂದೇ ಥರ ಇರುವುದರಿಂದ ಒಂದರ ಜಾಗಕ್ಕೆ ಇನ್ನೊಂದು ಬಂದು ಕೂತು, ಏನೂ ಆಗಿಲ್ಲವೆಂದೇ ತೋರುತ್ತದೆ! ಆಗ ಬಿಳಿ ಬೆಳಕು ಬೇಕು. ಅದರಲ್ಲಿ ನಡುವಿನ ಪಟ್ಟಿ ಮಾತ್ರ ಬಿಳಿ, ಅಕ್ಕಪಕ್ಕದವುಗಳ ಅಂಚಿಗೆ ಬಣ್ಣ. ಹಾಗಾಗಿ ಅದು ಎಲ್ಲಿಗೆ ಹೋಯಿತೆಂದು ಗುರುತು ಹಿಡಿಯಬಹುದು. ಕಾಗೆಬಂಗಾರದ ಸೂಚ್ಯಂಕ ಬಣ್ಣದಿಂದ ಬಣ್ಣಕ್ಕೆ ತುಸು ಬೇರೆಯಾದ್ದರಿಂದ ಅದು ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚೇ ಸರಿದಿರುತ್ತದೆ, ಗಾಬರಿ ಬೇಡ.

ಲ್ಯಾಬಿನಲ್ಲಿ ಸಿಗುತ್ತದೆಂದು ಸೂಕ್ಷ್ಮದರ್ಶಕದ ಕವರ್ ಸ್ಲಿಪ್ ಮಾತ್ರ ಇಡಬೇಡಿ. ಅದರ ದಪ್ಪ ಸುಮಾರು 0.15 ಮಿ.ಮೀ.; ಇದೇ ಲೆಕ್ಕದಲ್ಲಿ ಬಿಳಿ ಪಟ್ಟಿ 15 ಸೆಂ.ಮೀ. ಆಚೆ ಹೋಗಬೇಕು. ಸೀಳಿನ ಬೆಳಕೇ ಅಷ್ಟು ದೂರ ಹರಡಿರುವುದಿಲ್ಲ.