ಮನೆಗಳು ಜಾಸ್ತಿ ಆಗಿವೆ, ಜನ ಜಾಸ್ತಿ ಆಗಿದ್ದಾರಾ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯ ಕೇಳಿವೆ. ಬೇರೆ ಬೇರೆ ಊರು, ಬೇರೆ ಬೇರೆ ತಕರಾರು. ಅದಕ್ಕೇ ಒಟ್ಟಿಗೆ ಹಾಕಿದ್ದೇನೆ.

ಪ್ರಶ್ನೆ: ನಾನು ಕೋಲಾರದ ನಿವೃತ್ತ ಮೇಷ್ಟ್ರು. ಊರು ಬೆಳೆಯುತ್ತಿದೆ ಅಂತ ಎಲ್ಲರೂ ಹೇಳುತ್ತಾರೆ. ಟಮಕ ಕಡೆ ಹೋದರೂ ಲೇಔಟ್, ಟೇಕಲ್ ರಸ್ತೆಗೆ ಹೋದರೂ ಲೇಔಟ್. ಆದರೆ ನಮ್ಮ ಬೀದಿಯಲ್ಲಿ ನಾಲ್ಕು ಮನೆಗೆ ಬೀಗ ಬಿದ್ದಿದೆ. ಮಕ್ಕಳೆಲ್ಲ ಬೆಂಗಳೂರು ಸೇರಿದ್ದಾರೆ. ನಾನು ಪಾಠ ಮಾಡಿದ ಸರ್ಕಾರಿ ಶಾಲೆಯಲ್ಲಿ ಮಕ್ಕಳೇ ಇಲ್ಲ. ಊರು ಬೆಳೆಯುತ್ತಿದೆಯಾ, ಕರಗುತ್ತಿದೆಯಾ?

ಉತ್ತರ: ಮೇಷ್ಟ್ರೇ, ನೀವು ಕಣ್ಣಲ್ಲಿ ನೋಡಿದ್ದು ಸುಳ್ಳಲ್ಲ. ಆದರೆ ಅದರಿಂದ ಜನರ ಲೆಕ್ಕ ಸಿಗುವುದಿಲ್ಲ. ಮೊದಲು ಗಟ್ಟಿ ಅಂಕಿ ಹೇಳಿಬಿಡುತ್ತೇನೆ. 2001ರ ಜನಗಣತಿಯಲ್ಲಿ ಕೋಲಾರ ನಗರದಲ್ಲಿ 1,13,907 ಜನ. 2011ರಲ್ಲಿ 1,38,462. ಹತ್ತು ವರ್ಷಕ್ಕೆ ಹತ್ತಿರ ಹತ್ತಿರ 22 ಪರ್ಸೆಂಟ್ ಏರಿಕೆ. ಅದೇ ಹತ್ತು ವರ್ಷದಲ್ಲಿ ಇಡೀ ಕರ್ನಾಟಕ ಏರಿದ್ದು 15.6 ಪರ್ಸೆಂಟ್. ಅಂದರೆ ಆ ಹೊತ್ತಿಗೆ ಊರು ಬೆಳೆಯುತ್ತಿತ್ತು, ರಾಜ್ಯಕ್ಕಿಂತ ಜೋರಾಗಿಯೇ. ಅದರ ನಂತರದ ಗಟ್ಟಿ ಎಣಿಕೆ ಇಲ್ಲದೆ ಇರುವುದರಿಂದಲೇ ಎಲ್ಲರೂ ಲೇಔಟ್ ನೋಡಿ, ಬೀಗ ನೋಡಿ ಅಂದಾಜು ಹೊಡೆಯುವುದು.

ಈಗ ನಿಮ್ಮ ಶಾಲೆ. ಸರ್ಕಾರಿ ಶಾಲೆ ಖಾಲಿ ಆಗಿರುವುದಕ್ಕೆ ಒಂದು ಕಾರಣ ಪಕ್ಕದ ಕಾನ್ವೆಂಟಿನ ಹಳದಿ ವ್ಯಾನು, ಅದು ನಿಮಗೇ ಗೊತ್ತು. ಇನ್ನೊಂದು ಕಾರಣ, ಮಕ್ಕಳು ಹುಟ್ಟುವುದೇ ಕಡಿಮೆ ಆಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಅಪ್ಪ ಅಮ್ಮನ ಜಾಗ ತುಂಬಬೇಕು ಅಂದರೆ 2.1 ಬೇಕು. ಹಾಗಂತ ಜನ ತಕ್ಷಣ ಕಡಿಮೆ ಆಗುವುದಿಲ್ಲ, ಯಾಕೆಂದರೆ ಹಿಂದೆ ಜಾಸ್ತಿ ಹುಟ್ಟಿದವರು ಈಗ ಮದುವೆ ವಯಸ್ಸಿನಲ್ಲಿದ್ದಾರೆ. ಒಂದನೇ ತರಗತಿಯ ಬೆಂಚು ಖಾಲಿಯಾಗಿ, ಊರಿನ ಬಸ್ಸು ಮಾತ್ರ ತುಂಬಿ ತುಳುಕುವುದು ಹೀಗೇ.

ಲೇಔಟ್ ವಿಷಯಕ್ಕೆ ಬರೋಣ, ಇದರಲ್ಲೇ ಜಾಸ್ತಿ ಜನ ಮೋಸ ಹೋಗುವುದು. ಸೈಟು ಅಂದರೆ ಜನ ಅಲ್ಲ. ನಮ್ಮ ಕಡೆ ಸೈಟು ಅಂದರೆ ಮಗಳ ಮದುವೆಗೆ ಇಟ್ಟ ದುಡ್ಡು. ಕಲ್ಲು ನೆಟ್ಟು, ರಸ್ತೆ ಹಾಕಿ, ಗೇಟಿಗೆ ಆರ್ಚ್ ಕಟ್ಟಿ ಹದಿನೈದು ವರ್ಷ ಆದರೂ ಒಳಗೆ ಕುರಿ ಮೇಯುತ್ತಿರುವ ಲೇಔಟ್ ನಾನು ಬೇಕಾದಷ್ಟು ನೋಡಿದ್ದೇನೆ. ಸರಿ, ಮನೆ ಕಟ್ಟಿದರು ಅಂತಲೇ ಇಟ್ಟುಕೊಳ್ಳಿ. ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಹತ್ತು ಸಾವಿರ ಮನೆ, ಮನೆಗೆ ಐದು ಜನ, ಒಟ್ಟು ಐವತ್ತು ಸಾವಿರ. ಮಗ ಬೇರೆ ಮನೆ ಮಾಡಿದ, ತಾತ ಅಜ್ಜಿ ಹಳೇ ಮನೆಯಲ್ಲೇ ಉಳಿದರು, ಹೀಗೆ ಮನೆಗೆ ನಾಲ್ಕೇ ಜನ ಆದರು. ಈಗ ಅದೇ ಐವತ್ತು ಸಾವಿರ ಜನಕ್ಕೆ ಹನ್ನೆರಡೂವರೆ ಸಾವಿರ ಮನೆ ಬೇಕು. ಮನೆ ಇಪ್ಪತ್ತೈದು ಪರ್ಸೆಂಟ್ ಜಾಸ್ತಿ ಆಯಿತು, ಒಬ್ಬನೇ ಒಬ್ಬ ಹೊಸಬ ಊರಿಗೆ ಬರಲಿಲ್ಲ! ಕರೆಂಟ್ ಕನೆಕ್ಷನ್ ಎಣಿಸುವವರು ಬೀಳುವುದೂ ಇದೇ ಗುಂಡಿಗೆ.

ಇನ್ನು ಗಡಿ. ಹೊಸ ಬಡಾವಣೆ ನಗರಸಭೆ ಗಡಿಯ ಆಚೆ ಇದ್ದರೆ ಅಲ್ಲಿನ ಜನ ಲೆಕ್ಕಕ್ಕೆ ಸೇರುವುದು ಪಂಚಾಯಿತಿಗೆ. ಅವರು ಹಾಲು, ತರಕಾರಿ, ಸಿನಿಮಾ ಎಲ್ಲಕ್ಕೂ ಕೋಲಾರಕ್ಕೇ ಬರುತ್ತಾರೆ, ಯಾವೂರು ಅಂದರೆ ಕೋಲಾರ ಅಂತಲೇ ಹೇಳುತ್ತಾರೆ, ಆದರೆ ಕಾಗದದ ಮೇಲೆ ಹಳ್ಳಿಯವರು. ನಾಳೆ ಗಡಿ ಹಿಗ್ಗಿಸಿದರೆ ಒಂದೇ ರಾತ್ರಿಗೆ ಊರಿನ ಜನಸಂಖ್ಯೆ ಏರುತ್ತದೆ, ಯಾರೂ ಮಂಚ ಕೂಡ ಸರಿಸದೆ. ಅದಕ್ಕೇ ಎರಡು ವರ್ಷದ ಅಂಕಿ ಹೋಲಿಸುವ ಮೊದಲು ಗಡಿ ಅದೇ ಇದೆಯಾ ಅಂತ ಕೇಳಿ.

ಹಾಗಾದರೆ ಮತದಾರರ ಪಟ್ಟಿ ನೋಡೋಣ್ವಾ ಅಂತೀರಿ. ಬೇಡ. ಅದರಲ್ಲಿ ಹದಿನೆಂಟು ದಾಟಿದವರು ಮಾತ್ರ. ಬೆಂಗಳೂರಿಗೆ ಹೋಗಿ ಎಷ್ಟೋ ವರ್ಷ ಆದವರ ಹೆಸರು ಇಲ್ಲೇ ಇರುತ್ತದೆ, ಓಟಿನ ದಿನ ಬಸ್ ಹತ್ತಿ ಬರುತ್ತಾರೆ. ಆ ಕಡೆ ನರಸಾಪುರ, ವೇಮಗಲ್ ಕಾರ್ಖಾನೆಗಳಿಗೆ ಹೊರಗಿನಿಂದ ಬಂದು ಪಿಜಿಯಲ್ಲಿ ಇರುವ ಹುಡುಗ ಹುಡುಗಿಯರು ವರ್ಷಪೂರ್ತಿ ಇಲ್ಲೇ ಮಲಗಿ ಏಳುತ್ತಾರೆ, ಅವರಲ್ಲಿ ಹೆಚ್ಚಿನವರ ಹೆಸರು ಮಾತ್ರ ಅವರವರ ಊರಿನ ಪಟ್ಟಿಯಲ್ಲಿ. ಹೋದವರು ಪಟ್ಟಿಯಲ್ಲಿ ಇದ್ದಾರೆ, ಬಂದವರು ಇಲ್ಲ. ರೇಷನ್ ಕಾರ್ಡಿನ ಕಥೆಯೂ ಹೀಗೇ.

ಜನನ ನೋಂದಣಿ ಇನ್ನೂ ಮಜಾ. ಮಗು ಎಲ್ಲಿ ಹುಟ್ಟಿತೋ ಅಲ್ಲೇ ನೋಂದಣಿ. ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಹೆಂಗಸರು ಹೆರಿಗೆಗೆ ಕೋಲಾರದ ಆಸ್ಪತ್ರೆಗೆ ಬರುತ್ತಾರೆ. ಹೀಗಾಗಿ ನಗರದ ಪುಸ್ತಕದಲ್ಲಿ ಜನನ ಜಾಸ್ತಿ ಕಾಣುತ್ತದೆ, ಮಗು ಮೂರನೇ ದಿನಕ್ಕೆ ಹಳ್ಳಿಗೆ ಹೋಗಿರುತ್ತದೆ.

ನನ್ನ ಹತ್ತಿರ ಇರುವುದು ಒರಟು ಉಪಾಯ. ಹಬ್ಬ ಇಲ್ಲದ ಒಂದು ಮಾಮೂಲಿ ಮಂಗಳವಾರ, ರಾತ್ರಿ ಎಂಟೂವರೆಗೆ, ಒಂದು ಬಡಾವಣೆಯಲ್ಲಿ ದೀಪ ಉರಿಯುವ ಮನೆ ಎಷ್ಟು, ಕತ್ತಲೆ ಮನೆ ಎಷ್ಟು ಎಣಿಸಿ. ಮುಂದಿನ ವರ್ಷ ಅದೇ ತಿಂಗಳು, ಅದೇ ಬೀದಿ. ನಾನು ವಾಕಿಂಗ್ ನೆಪದಲ್ಲಿ ಮಾಡುತ್ತೇನೆ, ಒಮ್ಮೆ ಒಬ್ಬರು ಕಳ್ಳ ಅಂದುಕೊಂಡು ಟಾರ್ಚ್ ಬಿಟ್ಟರು. ಬೆಳಿಗ್ಗೆ ಬೆಂಗಳೂರು ಬಸ್ಸಿಗೆ ನಿಂತ ಕ್ಯೂ ನೋಡಿ ಜನ ಊರು ಬಿಡುತ್ತಿದ್ದಾರೆ ಅನ್ನುವವರಿಗೂ ಇದೇ ಉತ್ತರ: ರಾತ್ರಿ ವಾಪಸ್ ಬಂದು ಇಲ್ಲೇ ಮಲಗಿದರೆ ಅವರು ನಮ್ಮೂರಿನವರೇ.

ಪ್ರಶ್ನೆ: ನಮ್ಮದು ಕೆಜಿಎಫ್. ಗಣಿ ಮುಚ್ಚಿದ ಮೇಲೆ ಊರು ಖಾಲಿ ಆಯಿತು, ಭೂತದ ಊರು ಅಂತ ಹೊರಗಿನವರು ವಿಡಿಯೋ ಮಾಡುತ್ತಾರೆ. ಬೇಜಾರಾಗುತ್ತದೆ. ನಿಜಾನಾ?

ಉತ್ತರ: ಭೂತದ ಊರಿನಲ್ಲಿ ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಜನ ಇರುತ್ತಾರಾ? 2011ರ ಗಣತಿಯಲ್ಲಿ ನಿಮ್ಮ ಊರಿನ ಜನ ಸುಮಾರು 1 ಲಕ್ಷ 60 ಸಾವಿರ, ಕೋಲಾರ ನಗರಕ್ಕಿಂತ ಜಾಸ್ತಿ. ಗಣಿ ನಿಂತದ್ದು 2001ರ ಫೆಬ್ರವರಿ ಕೊನೆಯಲ್ಲಿ. ಅಂದರೆ ಗಣಿ ಮುಚ್ಚಿ ಹತ್ತು ವರ್ಷ ಆದ ಮೇಲಿನ ಲೆಕ್ಕ ಇದು.

ಆದರೆ ಇದರಲ್ಲೇ ಇನ್ನೊಂದು ವಿಷಯವೂ ಇದೆ, ಅದನ್ನೂ ಹೇಳಬೇಕು. 1951ರಲ್ಲೇ ಕೆಜಿಎಫ್‌ನಲ್ಲಿ ಹೆಚ್ಚುಕಡಿಮೆ ಇಷ್ಟೇ ಜನ ಇದ್ದರು. ಅರವತ್ತು ವರ್ಷ, ಅದೇ ಸಂಖ್ಯೆ. ಆ ಅರವತ್ತು ವರ್ಷದಲ್ಲಿ ಈಗಿನ ಕರ್ನಾಟಕದ ಪ್ರದೇಶದ ಜನ 1.94 ಕೋಟಿಯಿಂದ 6.11 ಕೋಟಿಗೆ ಏರಿದರು, ಮೂರು ಪಟ್ಟಿಗಿಂತ ಜಾಸ್ತಿ. ನಿಮ್ಮ ಊರಿನಲ್ಲಿ ಮಕ್ಕಳು ಹುಟ್ಟಲಿಲ್ಲವಾ? ಹುಟ್ಟಿದರು, ಬೆಳೆದರು, ರೈಲು ಹತ್ತಿದರು. ಚಾಂಪಿಯನ್ ರೀಫ್, ಊರ್ಗಾಂ ಕಡೆಯ ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಹುಟ್ಟಿದವರು ಬೆಂಗಳೂರಿನ ಯಾವ ಮೂಲೆಗೆ ಹೋದರೂ ಸಿಗುತ್ತಾರೆ. ಗಣಿಯ ಕೆಲಸ ಕಡಿಮೆ ಆಗಿದ್ದು 2001ರಲ್ಲಿ ದಿಢೀರ್ ಅಂತ ಅಲ್ಲ, ಅದಕ್ಕೂ ಹಲವು ದಶಕ ಮುಂಚಿನಿಂದ. ನಡುವೆ 1964ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಯಂತ್ರ ತಯಾರಿಸುವ ಕಂಪನಿ ಬೆಮೆಲ್ ಒಂದಷ್ಟು ಮನೆಗಳನ್ನು ಹಿಡಿದು ನಿಲ್ಲಿಸಿತು. ಈಗಂತೂ ನಿಮ್ಮ ಮಾರಿಕುಪ್ಪಂ ಸ್ಟೇಷನ್‌ನಿಂದ ಬೆಳಿಗ್ಗೆ ಬೆಂಗಳೂರಿಗೆ ಹೊರಡುವ ರೈಲು ನೋಡಿದರೆ ಗೊತ್ತಾಗುತ್ತದೆ, ಊರಿಗೆ ಅನ್ನ ಎಲ್ಲಿಂದ ಬರುತ್ತಿದೆ ಅಂತ. ಹೀಗೆ ಹುಟ್ಟಿದಷ್ಟು ಜನ ಹೊರಗೆ ಹೋಗುತ್ತಾ, ಒಟ್ಟು ಸಂಖ್ಯೆ ಅಲ್ಲೇ ನಿಂತ ಊರನ್ನು ಬೆಳೆಯಿತು ಅನ್ನುವುದಕ್ಕೂ ಆಗಲ್ಲ, ಖಾಲಿ ಆಯಿತು ಅನ್ನುವುದಂತೂ ಶುದ್ಧ ತಪ್ಪು. ವಿಡಿಯೋದವರಿಗೆ ಆಂಡರ್ಸನ್‌ಪೇಟೆ ಮಾರ್ಕೆಟ್‌ಗೆ ಸಂಜೆ ಹೊತ್ತು ಬರಲು ಹೇಳಿ.

ಪ್ರಶ್ನೆ: ತುಮಕೂರು ಜಿಲ್ಲೆ ಹತ್ತು ವರ್ಷದಲ್ಲಿ ಬರೀ 3.65 ಪರ್ಸೆಂಟ್ ಬೆಳೆಯಿತು ಅಂತ ಓದಿದೆ. ನಮ್ಮ ತುಮಕೂರಿನ ಟ್ರಾಫಿಕ್ ನೋಡಿದರೆ ನಂಬಿಕೆ ಬರಲ್ಲ. ಅಂಕಿ ತಪ್ಪಿರಬೇಕು ಅಲ್ವಾ?

ಉತ್ತರ: ಅಂಕಿ ಸರಿ ಇದೆ, ನೀವು ಜಿಲ್ಲೆ ಮತ್ತು ನಗರ ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದೀರಿ. 2001ರಿಂದ 2011ಕ್ಕೆ ಇಡೀ ಜಿಲ್ಲೆಗೆ ಸೇರಿದ್ದು ಸುಮಾರು 94 ಸಾವಿರ ಜನ. ಅದೇ ಅವಧಿಯಲ್ಲಿ ತುಮಕೂರು ನಗರ ಒಂದೇ ಸುಮಾರು 2.49 ಲಕ್ಷದಿಂದ 3.02 ಲಕ್ಷಕ್ಕೆ ಹೋಯಿತು, ಅಂದರೆ 53 ಸಾವಿರ. ಹತ್ತು ತಾಲ್ಲೂಕಿನ ಜಿಲ್ಲೆಯ ಏರಿಕೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಊರಿನದು. ಪಾವಗಡ, ಮಧುಗಿರಿ, ಶಿರಾ ಕಡೆಯಿಂದ ಜನ ಹೊರಟರೆ ಕೆಲವರು ತುಮಕೂರಿನಲ್ಲಿ ಇಳಿಯುತ್ತಾರೆ, ಹೆಚ್ಚಿನವರು ಸೀದಾ ಯಶವಂತಪುರಕ್ಕೇ ಹೋಗುತ್ತಾರೆ. ಇನ್ನೊಂದು ಮಾತು. ಸಿದ್ಧಗಂಗಾ ಮಠದಂಥ ಕಡೆ ಇದ್ದು ಓದುವ ಸಾವಿರಾರು ಮಕ್ಕಳನ್ನು ಗಣತಿಯವರು ಅಲ್ಲೇ ಎಣಿಸುತ್ತಾರೆ, ಅಪ್ಪ ಅಮ್ಮನ ಊರಿನಲ್ಲಲ್ಲ. ಟ್ರಾಫಿಕ್‌ಗೆ ಕಾರಣ ಜನ ಮಾತ್ರ ಅಲ್ಲ, ಬೈಕೂ ಹೌದು.

ಪ್ರಶ್ನೆ: ಇಂಟರ್ನೆಟ್‌ನಲ್ಲಿ ಚಿಕ್ಕಬಳ್ಳಾಪುರದ ಈ ವರ್ಷದ ಜನಸಂಖ್ಯೆ ಅಂತ ಸಿಗುತ್ತದಲ್ಲ, ಅದನ್ನು ನಂಬಬಹುದಾ?

ಉತ್ತರ: ಅಂಥವು ಸಾಮಾನ್ಯವಾಗಿ 2011ರ ಸಂಖ್ಯೆ ತೆಗೆದುಕೊಂಡು, ಹಿಂದಿನ ವೇಗದಲ್ಲೇ ವರ್ಷ ವರ್ಷ ಕೂಡಿಸಿಕೊಂಡು ಹೋದ ಲೆಕ್ಕ. ಯಾರೂ ಬಂದು ಬಾಗಿಲು ತಟ್ಟಿ ಎಣಿಸಿದ್ದಲ್ಲ. 2021ರಲ್ಲಿ ಆಗಬೇಕಿದ್ದ ಗಣತಿ ಕೋವಿಡ್‌ನಿಂದ ನಿಂತುಹೋಯಿತು. ಹೊಸ ಗಣತಿಗೆ ಸರ್ಕಾರ ಗೊತ್ತು ಮಾಡಿರುವ ದಿನ 2027ರ ಮಾರ್ಚ್ 1. ಮನೆಪಟ್ಟಿ ಮೊದಲು, ಜನರ ಎಣಿಕೆ ಆಮೇಲೆ. ಎಣಿಸುವವರು ಬಂದಾಗ ಬೆಂಗಳೂರಿನ ಪಿಜಿಯಲ್ಲಿರುವ ಮಗನ ಹೆಸರನ್ನು ಪ್ರೀತಿಗೆ ಇಲ್ಲಿ ಬರೆಸಬೇಡಿ, ಅವನು ಅಲ್ಲಿ ಬರೆಸಬೇಕು. ಅಲ್ಲಿ ಬರೆಸಿದ್ದಾನಾ ಇಲ್ಲವಾ ಅಂತ ಒಂದು ಫೋನ್ ಮಾತ್ರ ಮಾಡಿ.