ವಿಲ್ಲೀಸ್ ಜೀಪ್ ಎಂಜಿನ್‌ನಲ್ಲಿ 8 ಎಂಎಂ ಬೋಲ್ಟ್ ಕೂರುತ್ತಿಲ್ಲ: ಪ್ರತಿಕ್ರಿಯೆ

ಥ್ರೆಡ್ (ಬೋಲ್ಟ್, ತೂತಿನ ತಿರುಪು ಗೆರೆ) ಹೊಂದದಿರುವುದೇ ಕಾರಣ ಇರಬೇಕು. ಮಡಿಕೇರಿಯಲ್ಲಿ ತಂದ 8 ಎಂಎಂ ಬೋಲ್ಟ್ ಎರಡು ಸುತ್ತು ಹೋಗಿ ನಿಲ್ಲುತ್ತದೆ, ಸ್ಪ್ಯಾನರ್ ಹಾಕಿ ಬಿಗಿಯಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ, ಎಂಜಿನ್ ಬ್ಲಾಕಿನ ಥ್ರೆಡ್ಡೇ ಹೋಗುತ್ತದೆ. ವಿಲ್ಲೀಸ್ ಅಮೆರಿಕದ ಇಂಚು ಅಳತೆಯದು. 5/16 ಇಂಚೆಂದರೆ 7.94 ಎಂಎಂ, ಕಣ್ಣಿಗೆ 8ರಂತೆಯೇ ಕಾಣುತ್ತದೆ. ಆದರೆ ಅದರ ಒರಟು ಥ್ರೆಡ್ಡಿನ ಪಿಚ್, ಅಂದರೆ ಒಂದು ಗೆರೆಯಿಂದ ಮುಂದಿನದಕ್ಕಿರುವ ಅಂತರ, 1.41 ಎಂಎಂ, ನಿಮ್ಮ ಬೋಲ್ಟಿನದು ಸಾಮಾನ್ಯವಾಗಿ 1.25.

ಮೊದಲು ಹಳೆ ಬೋಲ್ಟಿಗೆ ಪಿಚ್ ಗೇಜ್ (ಆ ಅಂತರ ಅಳೆಯುವ ಹಲ್ಲಿನ ಪಟ್ಟಿ) ಇಟ್ಟು ನೋಡಿ. ಹಿಂದೆ ಯಾರಾದರೂ ತೂತನ್ನು ಮೆಟ್ರಿಕ್‌ಗೆ ಬದಲಿಸಿದ್ದರೂ ಇರಬಹುದು, ಫೋಟೋ ಇಲ್ಲದೆ ಹೇಳಲಾರೆ. ಆಮೇಲೆ ಅದೇ ಅಳತೆಯ ಟ್ಯಾಪ್‌ಗೆ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಎಣ್ಣೆ ಹಚ್ಚಿ, ನಿಧಾನವಾಗಿ ಕೈಯಲ್ಲೇ ತಿರುಗಿಸಿ ತೂತು ಸ್ವಚ್ಛ ಮಾಡಿ. ನಮ್ಮ ಮಳೆಗಾಲಗಳನ್ನು ತೋಟದ ಶೆಡ್ಡಿನಲ್ಲಿ ಕಳೆದ ಗಾಡಿ, ತುಕ್ಕು ಇದ್ದೇ ಇರುತ್ತದೆ. ಆದರೆ ಆಮೇಲೆ ತಳ ಮುಚ್ಚಿದ ತೂತಿನಲ್ಲಿ ಎಣ್ಣೆ, ನೀರು ಉಳಿಯಬಾರದು. ಉಳಿದರೆ ಬಿಗಿಯುವಾಗ ಬ್ಲಾಕ್ ಸೀಳಬಹುದು.

ಹೊಸ ಬೋಲ್ಟ್ ಬೆರಳಲ್ಲೇ ಪೂರ್ತಿ ಇಳಿಯಬೇಕು. ಉದ್ದ, ಗ್ರೇಡ್ (ಬಲದ ದರ್ಜೆ) ಹಳೆಯದರಂತೆಯೇ ಇರಲಿ: ತಲೆಯ ಮೇಲೆ 3 ಗೆರೆ ಗ್ರೇಡ್ 5, 6 ಗೆರೆ ಗ್ರೇಡ್ 8.

ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ಗೆ ಮಾತ್ರ ಹಾರ್ಡ್‌ವೇರ್ ಅಂಗಡಿಯ ಬೋಲ್ಟ್ ಹಾಕಲೇಬೇಡಿ. ಆ ಎಂಜಿನ್ನಿಗೆಂದೇ ಮಾಡಿದ್ದನ್ನು ತರಿಸಿ, ತಡವಾದರೂ ಕಾಯಿರಿ.